ಎಲ್ಮೈರಾದ ಇಪ್ಪತ್ತೆರಡು ಬಾಗಿಲು

ರಾತ್ರಿ ಕುಡಿದು ಊರಿನ ಕಾರುಗಳ ಟೈರು ಕುಯ್ದವನಿಗೆ ಏನು ಮಾಡಬೇಕು? ಕೇಳಿದ ಕೂಡಲೇ ನಮ್ಮ ಬಾಯಿಗೆ ಬರುವುದು ಎರಡೇ. ಒಳಗೆ ಹಾಕಿ, ಇಲ್ಲಾ ದಂಡ ಹಾಕಿ. ಹೆಚ್ಚೆಂದರೆ ಮೂರನೆಯದು: ಸ್ಟೇಷನ್ನಿನಲ್ಲಿ ನಾಲ್ಕು ಬಾರಿಸಿ ಬಿಟ್ಟುಬಿಡಿ. 1974ರಲ್ಲಿ ಕೆನಡಾದ ಒಂದು ಕೇಸಿನಲ್ಲಿ ಈ ಮೂರರ ಆಚೆಗಿನ ಒಂದು ಕೆಲಸ ನಡೆಯಿತು. ಆ ಕೇಸಿನ ಕಡತ ದೊಡ್ಡದೇನೂ ಅಲ್ಲ. ಕೊಲೆ ಇಲ್ಲ, ದರೋಡೆ ಇಲ್ಲ, ಯಾರ ಮೈಗೂ ಗಾಯವಿಲ್ಲ. ಆದರೂ ಪರ್ಯಾಯ ಶಿಕ್ಷೆಗಳ ಬಗ್ಗೆ ಓದುವವರು ಇವತ್ತಿಗೂ ಅದನ್ನು ‘ಎಲ್ಮೈರಾ ಕೇಸು’ ಎಂದೇ ಗುರುತಿಸುತ್ತಾರೆ. ಸುಮ್ನೆ ಕೇಳಿದರೆ ಒಂದು ಒಳ್ಳೆಯ ಕಥೆ. ಸ್ವಲ್ಪ ಕೆದಕಿದರೆ ಅದರೊಳಗೆ ಲೆಕ್ಕವಿದೆ, ಅದೃಷ್ಟವಿದೆ, ಒಂದೆರಡು ತಪ್ಪೂ ಇವೆ.

ಆ ರಾತ್ರಿ

ಎಲ್ಮೈರಾ ಇರುವುದು ಒಂಟಾರಿಯೊ ಪ್ರಾಂತ್ಯದಲ್ಲಿ, ಕಿಚನರ್ ಮತ್ತು ವಾಟರ್‌ಲೂ ಎಂಬ ಅವಳಿ ನಗರಗಳ ಉತ್ತರಕ್ಕೆ. ವಾಟರ್‌ಲೂ ವಿಶ್ವವಿದ್ಯಾಲಯಕ್ಕೆ ಓದಲು ಹೋದ ನಮ್ಮ ಹುಡುಗ ಹುಡುಗಿಯರಿಗೆ ಆ ಕಡೆಯ ಹೆಸರುಗಳು ಹೊಸದಲ್ಲ. ಸುತ್ತಲೂ ಹೊಲ. ಅಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಗಡದವರು ಜಾಸ್ತಿ. ಅವರಲ್ಲಿ ಹಳೆಯ ಕಟ್ಟುಪಾಡಿನವರು ಇವತ್ತಿಗೂ ಕುದುರೆ ಗಾಡಿಯಲ್ಲೇ ಪೇಟೆಗೆ ಬರುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಊರಿನಲ್ಲಿ ಮೇಪಲ್ ಪಾಕದ ಹಬ್ಬ. ಒಟ್ಟಿನಲ್ಲಿ ಯಾರ ಮಗ ಯಾವ ಅಂಗಡಿ ಮುಂದೆ ನಿಂತಿದ್ದ ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುವಂಥ ಊರು.

1974ರ ಮೇ ತಿಂಗಳ ಕೊನೆ. ಇಬ್ಬರು ಹುಡುಗರು, ಒಬ್ಬನಿಗೆ 18, ಇನ್ನೊಬ್ಬನಿಗೆ 19, ಕುಡಿದು ನಡುರಾತ್ರಿ ಬೀದಿಗೆ ಇಳಿದರು. ನಿಂತಿದ್ದ ಕಾರುಗಳ ಟೈರು ಕುಯ್ದರು. ಮನೆಗಳ ಕಿಟಕಿ ಒಡೆದರು, ಅಂಗಡಿಗಳ ಗಾಜು ಒಡೆದರು. ಯಾರದೋ ತೋಟದ ಮಂಟಪ ಮುರಿದರು, ಇನ್ಯಾರದೋ ದೋಣಿಗೆ ತೂತು ಹಾಕಿದರು. ಬೆಳಗಾದಾಗ ಹಾಳಾದ ಜಾಗಗಳ ಲೆಕ್ಕ 22 ಆಗಿತ್ತು. ಯಾರ ಮೇಲೂ ಹಗೆ ಇರಲಿಲ್ಲ. ಕದಿಯುವ ಉದ್ದೇಶವೂ ಇರಲಿಲ್ಲ. ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಕೈ ಹಾಕುತ್ತಾ ಹೋಗಿದ್ದರು, ಅಷ್ಟೇ.

ಪೊಲೀಸರು ಬೇಗನೇ ಹಿಡಿದರು. ಇಬ್ಬರೂ ಕೋರ್ಟಿನಲ್ಲಿ 22 ಆರೋಪಗಳನ್ನೂ ಒಪ್ಪಿಕೊಂಡರು. ಅಲ್ಲಿಗೆ ವಿಚಾರಣೆ ಮುಗಿದ ಹಾಗೆ. ಸಾಕ್ಷಿ, ಪಾಟೀಸವಾಲು ಯಾವುದೂ ಬೇಡ. ಉಳಿದದ್ದು ಶಿಕ್ಷೆಯ ಪ್ರಮಾಣ ಮಾತ್ರ.

ಇಲ್ಲಿ ಒಂದು ಕ್ಷಣ ನಿಂತು ಆ 22 ಕಡೆಯವರ ಜಾಗದಿಂದ ನೋಡಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಕಾರಿನ ನಾಲ್ಕೂ ಟೈರು ನೆಲಕ್ಕೆ ಕೂತಿವೆ. ಮೊದಲು ಬರುವುದು ಸಿಟ್ಟು. ಆಮೇಲೆ ಬರುವುದು ಭಯ. ನಮ್ಮ ಮನೆಯನ್ನೇ ಯಾಕೆ ಹಿಡಿದರು? ನಮಗಾಗದವರು ಯಾರಾದರೂ ಇದ್ದಾರಾ? ಮತ್ತೆ ಬರ್ತಾರಾ? ಹುಡುಗರು ಸಿಕ್ಕಿಬಿದ್ದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕೋರ್ಟು ಅವರನ್ನು ಜೈಲಿಗೆ ಕಳಿಸಿದರೂ ಸಿಗುವುದಿಲ್ಲ, ದಂಡ ಹಾಕಿದರೂ ಸಿಗುವುದಿಲ್ಲ. ದಂಡದ ಹಣವಂತೂ ನೇರ ಸರ್ಕಾರದ ಖಜಾನೆಗೆ.

ನಮ್ಮ ಕಡೆ ತಪ್ಪುಕಾಣಿಕೆ ಅಂತ ಒಂದಿದೆ. ಏನೋ ತಪ್ಪಾಯಿತು ಅನಿಸಿದರೆ ದೇವರ ಹುಂಡಿಗೆ ಒಂದಿಷ್ಟು ಹಾಕಿ ಕೈ ಮುಗಿದು ಬರುತ್ತೇವೆ. ದೇವರಿಗೆ ಹರಕೆ ತಪ್ಪಿಸಿದ್ದಕ್ಕೆ ಅದು ಸರಿ. ಪಕ್ಕದ ಮನೆಯವನ ಕಿಟಕಿ ಒಡೆದು ಹುಂಡಿಗೆ ದುಡ್ಡು ಹಾಕಿ ಬಂದರೆ? ಕೋರ್ಟಿನ ದಂಡ ಹೆಚ್ಚುಕಡಿಮೆ ಹೀಗೇ ಕೆಲಸ ಮಾಡುತ್ತದೆ. ಒಡೆದದ್ದು ಒಬ್ಬನದು, ಕಟ್ಟುವುದು ಇನ್ನೊಬ್ಬರಿಗೆ. ಕಟ್ಟಿದವನಿಗೆ ಲೆಕ್ಕ ಚುಕ್ತಾ ಆಯಿತು ಅನಿಸುತ್ತದೆ. ಕಿಟಕಿ ಮಾತ್ರ ಒಡೆದೇ ಇರುತ್ತದೆ.

ವರದಿಗೆ ಸೇರಿದ ಒಂದು ಮಾತು

ಜೈಲಿಗೆ ಹಾಕದೆ, ಷರತ್ತು ಹಾಕಿ ನಿಗಾ ಇಟ್ಟು ಹೊರಗೆ ಬಿಡುವುದಕ್ಕೆ ಪ್ರೊಬೇಷನ್ ಎನ್ನುತ್ತಾರೆ. ಶಿಕ್ಷೆ ವಿಧಿಸುವ ಮೊದಲು ಪ್ರೊಬೇಷನ್ ಅಧಿಕಾರಿಯೊಬ್ಬರು ಆರೋಪಿಯ ಹಿನ್ನೆಲೆಯ ಬಗ್ಗೆ ವರದಿ ಕೊಡುವುದು ಅಲ್ಲಿನ ಪದ್ಧತಿ. ಮನೆಯಲ್ಲಿ ಯಾರಿದ್ದಾರೆ, ಏನು ಓದಿದ್ದಾನೆ, ಮೊದಲು ಏನಾದರೂ ಮಾಡಿದ್ದಾನಾ, ಇಂಥ ವಿಷಯಗಳು. ಈ ಕೇಸಿನಲ್ಲಿ ಆ ಕೆಲಸ ಬಂದದ್ದು ಮಾರ್ಕ್ ಯಾಂಟ್ಸಿ ಎಂಬ ಯುವಕನ ಪಾಲಿಗೆ. ಮೆನೊನೈಟ್ ಸೆಂಟ್ರಲ್ ಕಮಿಟಿ ಎಂಬ ಸೇವಾ ಸಂಸ್ಥೆಯ ಸ್ವಯಂಸೇವಕನಾಗಿ ಅವನು ಪ್ರೊಬೇಷನ್ ಕಚೇರಿಯಲ್ಲಿ ಕೆಲಸಕ್ಕಿದ್ದ. ಯುದ್ಧಕ್ಕೆ ಹೋಗುವುದಿಲ್ಲ, ಆಯುಧ ಹಿಡಿಯುವುದಿಲ್ಲ ಎಂದು ನೂರಾರು ವರ್ಷಗಳಿಂದ ಹಟ ಹಿಡಿದ ಪಂಗಡ ಅದು. ಜಗಳವಾದರೆ ಎದುರಿಗೆ ಕೂತು ಬಗೆಹರಿಸಿಕೊಳ್ಳಬೇಕು ಎಂಬುದು ಅವರಿಗೆ ಮನೆಯ ಪಾಠ.

ಅದೇ ಸಂಸ್ಥೆಯ ಡೇವ್ ವರ್ತ್ ಮತ್ತು ಇನ್ನು ಕೆಲವರ ಜೊತೆ ಮಾತಾಡುವಾಗ ಯಾಂಟ್ಸಿ ಒಂದು ಮಾತು ತೇಲಿಬಿಟ್ಟ. ಈ ಹುಡುಗರು ಯಾರ್ಯಾರ ಸಾಮಾನು ಹಾಳುಮಾಡಿದರೋ ಅವರನ್ನೇ ಹೋಗಿ ನೋಡಿದರೆ ಹೇಗೆ? ಹೇಳಿದ, ಇದೆಲ್ಲ ಆಗುವ ಮಾತಲ್ಲ ಎಂದು ತಾನೇ ಕೈಬಿಟ್ಟ. ಕಾನೂನಿನಲ್ಲಿ ಅದಕ್ಕೆ ಜಾಗ ಎಲ್ಲಿದೆ? ಆದರೆ ವರ್ತ್ ಬಿಡಲಿಲ್ಲ. ಒಂದು ಸಲ ಕೇಳಿ ನೋಡೋಣ ಎಂದು ಒತ್ತಾಯ ಮಾಡಿದ. ಕೊನೆಗೆ ಅದು ನ್ಯಾಯಾಧೀಶರ ಮುಂದೆ ಒಂದು ಸಲಹೆಯಾಗಿ ಹೋಯಿತು.

ನ್ಯಾಯಾಧೀಶರ ಹೆಸರು ಗಾರ್ಡನ್ ಮೆಕಾನೆಲ್. ಮೊದಲು ಅವರು ಇದು ನನ್ನ ಕೈಯಲ್ಲಿ ಆಗುವುದಲ್ಲ ಎಂಬ ಧಾಟಿಯಲ್ಲೇ ಪ್ರತಿಕ್ರಿಯಿಸಿದರು. ಅವರನ್ನು ದೂರುವಂತಿಲ್ಲ. ಹಿಂದೆ ಯಾರಾದರೂ ಮಾಡಿದ ಉದಾಹರಣೆ ಇಲ್ಲ. ಹುಡುಗರಿಗೆ ಯಾರಾದರೂ ಹೊಡೆದರೆ? ಅಥವಾ ಹುಡುಗರೇ ಯಾರನ್ನಾದರೂ ಬೆದರಿಸಿದರೆ? ಆದರೆ ಶಿಕ್ಷೆ ಹೇಳುವ ದಿನ ಮೆಕಾನೆಲ್ ಮನಸ್ಸು ಬದಲಿಸಿದ್ದರು. ಅವರು ಮಾಡಿದ್ದು ಬಹಳ ಸರಳ ಕೆಲಸ. ಶಿಕ್ಷೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ಆ ತಿಂಗಳಲ್ಲಿ ಹುಡುಗರು ಯಾಂಟ್ಸಿ ಮತ್ತು ವರ್ತ್ ಜೊತೆ ಹೋಗಿ ನಷ್ಟವಾದವರನ್ನು ಕಾಣಬೇಕು, ಯಾರಿಗೆ ಎಷ್ಟು ನಷ್ಟವಾಗಿದೆ ಎಂದು ತಿಳಿದು ಬರಬೇಕು.

ಹೊಸ ಕಾನೂನು ಬೇಕಾಗಲಿಲ್ಲ. ಹೊಸ ಇಲಾಖೆ ಬೇಕಾಗಲಿಲ್ಲ. ಬೇಕಾದದ್ದು ಒಂದು ತಾರೀಖು, ಜೊತೆಗೆ ನಡೆಯಲು ಇಬ್ಬರು ಮನುಷ್ಯರು.

ಬಾಗಿಲು ತಟ್ಟಿದ್ದು

ನಡೆದ ರೀತಿ ತೀರ ಒರಟು. ಹುಡುಗರು ಮನೆಯ ಮುಂದೆ ಹೋಗುವುದು, ಬಾಗಿಲು ತಟ್ಟುವುದು, ನಾವು ಯಾರು, ಯಾಕೆ ಬಂದಿದ್ದೇವೆ ಎಂದು ತಾವೇ ಹೇಳುವುದು. ಯಾಂಟ್ಸಿ, ವರ್ತ್ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ನಿಲ್ಲುವುದು. ಒಂದು ಮನೆ ಮುಗಿದರೆ ಮುಂದಿನದು. ಊರು ಬಿಟ್ಟು ಹೋಗಿದ್ದವರನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಬಾಗಿಲನ್ನೂ ತಟ್ಟಿದರು.

ಓದುವಾಗ ಇದು ಸಲೀಸು ಅನಿಸುತ್ತದೆ. ನೀವೇ ಒಂದು ಸಲ ಮನಸ್ಸಿನಲ್ಲಿ ಮಾಡಿ ನೋಡಿ. ಹಿಂದಿನ ತಿಂಗಳು ನೀವು ಕಲ್ಲು ತೂರಿದ ಮನೆ. ಬೆಲ್ ಒತ್ತಿದ್ದೀರಿ. ಒಳಗಿಂದ ಚಪ್ಪಲಿ ಸದ್ದು ಹತ್ತಿರ ಬರುತ್ತಿದೆ. ಬಾಗಿಲು ತೆರೆದವರು ನಿಮ್ಮ ಅಜ್ಜಿಯ ವಯಸ್ಸಿನವರು. ಈಗ ಬಾಯಿ ಬಿಡಬೇಕು. ಇದನ್ನು ಒಂದು ಸಲ ಅಲ್ಲ, ಇಪ್ಪತ್ತು ಸಲ ಮಾಡಬೇಕು. ಕಟಕಟೆಯಲ್ಲಿ ತಲೆ ತಗ್ಗಿಸಿ ‘ತಪ್ಪಾಯಿತು ಸ್ವಾಮಿ’ ಎನ್ನುವುದು ಇದರ ಮುಂದೆ ಏನೇನೂ ಅಲ್ಲ. ಅಲ್ಲಿ ನಿಮ್ಮ ಪರವಾಗಿ ವಕೀಲರು ಮಾತಾಡುತ್ತಾರೆ, ನಿಮ್ಮ ಎದುರು ನಿಂತಿರುವುದು ಸರ್ಕಾರ. ಸರ್ಕಾರಕ್ಕೆ ಮುಖ ಇರುವುದಿಲ್ಲ.

ಆ ಇಬ್ಬರಲ್ಲಿ ಒಬ್ಬನಾದ ರಸ್ ಕೆಲಿ ಎಷ್ಟೋ ವರ್ಷಗಳ ನಂತರ ತಾನೇ ಮುಂದೆ ಬಂದು ಹೆಸರು ಹೇಳಿಕೊಂಡು ಈ ಅನುಭವವನ್ನು ಬಹಿರಂಗವಾಗಿ ಹಂಚಿಕೊಂಡಿದ್ದಾನೆ. ಕೆಲವರು ಕ್ಷಮಿಸಿದೆವು ಎಂದರು, ಇನ್ನು ಕೆಲವರಿಗೆ ಹಿಡಿದು ಬಾರಿಸುವಷ್ಟು ಕೋಪವಿತ್ತು ಎಂಬುದು ಅವನ ನೆನಪು. ಬದುಕಿನಲ್ಲಿ ಮಾಡಿದ ತೀರ ಕಷ್ಟದ ಕೆಲಸಗಳಲ್ಲಿ ಅದೂ ಒಂದು ಅಂತಲೂ ಹೇಳಿದ್ದಾನೆ. ಅವನಿಗೆ ಆಗ 18. ತಂದೆ ತಾಯಿ ಇಬ್ಬರೂ ಆಗಲೇ ತೀರಿಕೊಂಡಿದ್ದರು. ಕುಡಿತ, ಮಾದಕ ವಸ್ತು ಎರಡೂ ಅಂಟಿಕೊಂಡಿದ್ದವು. ಇದು ಮಾಡಿದ ತಪ್ಪಿಗೆ ನೆಪವಲ್ಲ. ಆದರೆ ಜೈಲಿಗೆ ಕಳಿಸಿದ್ದರೆ ಈ ಹುಡುಗ ಯಾರ ಜೊತೆ ಸೇರುತ್ತಿದ್ದ, ಹೊರಗೆ ಬಂದ ಮೇಲೆ ಯಾರ ಮನೆಗೆ ಹೋಗುತ್ತಿದ್ದ ಎಂದು ಯೋಚಿಸಿದರೆ ಮೆಕಾನೆಲ್ ಕೊಟ್ಟ ಒಂದು ತಿಂಗಳ ಬೆಲೆ ಗೊತ್ತಾಗುತ್ತದೆ.

ಬಾಗಿಲು ತೆರೆದವರಿಗೂ ಏನೋ ಸಿಕ್ಕಿತು. ರಾತ್ರಿಯ ಕತ್ತಲಲ್ಲಿ ಬಂದವರು ಹಗಲಲ್ಲಿ ಮೆಟ್ಟಿಲ ಮೇಲೆ ನಿಂತಾಗ ಹೆದರಿಕೆಗೆ ಒಂದು ಆಕಾರ ಬರುತ್ತದೆ. ಓಹೋ, ಇವರಾ? ಇಷ್ಟೇನಾ? ನಮ್ಮ ಮೇಲೇನೂ ದ್ವೇಷವಿಲ್ಲ, ದಾರಿಯಲ್ಲಿ ನಮ್ಮ ಮನೆ ಸಿಕ್ಕಿತು ಅಷ್ಟೇ. ಮಾಮೂಲಿ ಕೋರ್ಟು ಪದ್ಧತಿಯಲ್ಲಿ ಈ ಮಾಹಿತಿ ಇವರ ಕೈಗೆ ಬರುವ ದಾರಿಯೇ ಇಲ್ಲ. ಎಲ್ಲ ಊರಿನಲ್ಲೂ ಇಂಥ ಕೇಸಿನಲ್ಲಿ ಕಳೆದುಕೊಂಡವನು ಬರೀ ಸಾಕ್ಷಿ. ಕರೆದಾಗ ಬರಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಹೋಗಬೇಕು. ಇಲ್ಲಿ ತಪ್ಪೊಪ್ಪಿಗೆ ಆಗಿಹೋಗಿದ್ದರಿಂದ ಅದೂ ಇರುತ್ತಿರಲಿಲ್ಲ.

ಲೆಕ್ಕ

ನೋಟ್‌ಬುಕ್ಕಿನ ಲೆಕ್ಕ ಹೀಗೆ ಬಂತು. ಒಟ್ಟು ನಷ್ಟ ಸುಮಾರು 2,200 ಡಾಲರ್. ಅದರಲ್ಲಿ ಅರ್ಧದಷ್ಟು ಇನ್ಶೂರೆನ್ಸಿನಿಂದ ಬಂದಿತ್ತು. ಉಳಿದ ಅರ್ಧ ಜನರ ಕೈಯಿಂದಲೇ ಹೋಗಿತ್ತು. ಅದನ್ನು ಇಬ್ಬರಿಗೆ ಹಂಚಿದರೆ ತಲಾ 550 ಡಾಲರ್.

ಹುಡುಗರು ಕೋರ್ಟಿಗೆ ವಾಪಸ್ ಬಂದಾಗ ನ್ಯಾಯಾಧೀಶರು ಹೇಳಿದ್ದು: 18 ತಿಂಗಳು ಪ್ರೊಬೇಷನ್. ಷರತ್ತು ಏನೆಂದರೆ ಒಬ್ಬೊಬ್ಬರು 550 ಡಾಲರಿನವರೆಗೆ ನಷ್ಟ ತುಂಬಿಕೊಡಬೇಕು. ಜೊತೆಗೆ ತಲಾ 200 ಡಾಲರ್ ದಂಡ.

ಈ ಕಥೆ ಹೇಳುವವರು ಆ 200 ಡಾಲರನ್ನು ಒಮ್ಮೊಮ್ಮೆ ನುಂಗಿಬಿಡುತ್ತಾರೆ. ದಂಡಕ್ಕೆ ಪರ್ಯಾಯ ಎಂದು ಹೇಳುವ ಕಥೆಯಲ್ಲೇ ದಂಡ ಇದ್ದರೆ ಸೊಗಸು ಕೆಡುತ್ತದಲ್ವಾ. ನನಗೆ ಮಾತ್ರ ಅದು ಇರುವುದೇ ಸರಿ ಅನಿಸುತ್ತದೆ. ಮೆಕಾನೆಲ್ ಕ್ರಾಂತಿ ಮಾಡಲು ಹೊರಟವರಲ್ಲ. ಒಂದು ಕಾಲು ಹಳೆಯ ದೋಣಿಯಲ್ಲಿ ಇಟ್ಟುಕೊಂಡೇ ಇನ್ನೊಂದನ್ನು ಹೊಸದರಲ್ಲಿ ಇಟ್ಟರು. ಲೆಕ್ಕ ನೋಡಿ: ಸರ್ಕಾರಕ್ಕೆ ಒಟ್ಟು 400, ಕಳೆದುಕೊಂಡವರಿಗೆ ಸುಮಾರು 1,100. ಯಾವುದು ದೊಡ್ಡದು ಎಂದು ಹುಡುಗರಿಗೂ ಗೊತ್ತಾಗಿರಬೇಕು.

ಸುಮಾರು ಮೂರು ತಿಂಗಳಲ್ಲಿ ಅವರು ಅದೇ ಬಾಗಿಲುಗಳಿಗೆ ಎರಡನೇ ಸಲ ಹೋದರು. ಈ ಸಲ ಕೈಯಲ್ಲಿ ಚೆಕ್ಕು. ಈ ಎರಡನೇ ಸುತ್ತಿನ ಬಗ್ಗೆ ಯಾರೂ ಅಷ್ಟಾಗಿ ಬರೆಯುವುದಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ. ಮೊದಲ ಸಲ ಕೋರ್ಟು ಹೇಳಿದೆ ಎಂದು ಬಂದರು ಅನ್ನಬಹುದು. ಕ್ಷಮೆ ಕೇಳುವುದಕ್ಕೆ ಖರ್ಚಿಲ್ಲ, ನಾಟಕವೂ ಇರಬಹುದು. ಹಣ ಹೊಂದಿಸಿಕೊಂಡು ಮತ್ತೆ ಅದೇ ಮೆಟ್ಟಿಲು ಹತ್ತಿದಾಗ ಆ ಮನೆಯವರಿಗೆ ಹುಡುಗನ ಬಗ್ಗೆ ಒಂದು ಹೊಸ ಸಂಗತಿ ತಿಳಿಯುತ್ತದೆ: ಇವನು ಹೇಳಿದ್ದನ್ನು ಮಾಡಿದ.

ಆಮೇಲೆ

ಕಿಚನರ್‌ನಲ್ಲಿ ಇದು ಒಂದೇ ಕೇಸಿಗೆ ನಿಲ್ಲಲಿಲ್ಲ. ಯಾಂಟ್ಸಿ, ವರ್ತ್ ಮತ್ತು ಜೊತೆಗಾರರು ಇದನ್ನೇ ಒಂದು ಕಾರ್ಯಕ್ರಮವಾಗಿ ಬೆಳೆಸಿದರು. 1978ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್‌ನಲ್ಲಿ ಇದೇ ಮಾದರಿ ಶುರುವಾಯಿತು. ಅಲ್ಲಿ ಕೆಲಸ ಮಾಡಿದ ಹೊವರ್ಡ್ ಝೆರ್ ಮುಂದೆ ಈ ಚಿಂತನೆಗೆ ದೊಡ್ಡ ಹೆಸರಾದರು. 1989ರಲ್ಲಿ ನ್ಯೂಜಿಲೆಂಡ್ ಬೇರೆಯದೇ ದಾರಿಯಲ್ಲಿ ಇಂಥದ್ದೇ ಜಾಗಕ್ಕೆ ಬಂತು. ಅಪ್ರಾಪ್ತರ ಕೇಸುಗಳಲ್ಲಿ ಕುಟುಂಬದವರನ್ನೆಲ್ಲ ಕೂರಿಸಿ ಮಾತಾಡುವುದನ್ನು ಅಲ್ಲಿ ಕಾನೂನಿಗೇ ಸೇರಿಸಿದರು. ಕೆನಡಾ ತನ್ನ ದಂಡಸಂಹಿತೆಗೆ 1996ರಲ್ಲಿ ತಿದ್ದುಪಡಿ ತಂದಿತು. ಜೈಲಲ್ಲದ ಬೇರೆ ದಾರಿ ಇದೆಯೇ ಎಂದು ನ್ಯಾಯಾಧೀಶರು ಮೊದಲು ನೋಡಬೇಕು ಎಂಬುದು ಅದರ ತಿರುಳು.

ಕೆಲಿಯ ವಿಷಯಕ್ಕೆ ಬರೋಣ. ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಣ ಕಟ್ಟಿದ, ಪ್ರೊಬೇಷನ್ ಮುಗಿಸಿದ, ಬದುಕು ನಡೆಸಿದ. ಸುಮಾರು 28 ವರ್ಷದ ನಂತರ, ನಡುವಯಸ್ಸಿನಲ್ಲಿ, ಕಿಚನರ್‌ನ ಕಾನೆಸ್ಟೋಗಾ ಕಾಲೇಜಿನಲ್ಲಿ ಕಾನೂನು ಮತ್ತು ಭದ್ರತೆಯ ಕೋರ್ಸಿಗೆ ಸೇರಿದ. ಒಂದು ದಿನ ತರಗತಿಗೆ ಅತಿಥಿಯೊಬ್ಬರು ಬಂದು ಪಾಠ ಮಾಡುತ್ತಾ ಎಲ್ಮೈರಾದ ಇಬ್ಬರು ಹುಡುಗರ ಕಥೆ ಹೇಳಿದರು. ಬೆಂಚಿನಲ್ಲಿ ಕೂತಿದ್ದವನಿಗೆ ಇದು ತನ್ನದೇ ಕಥೆ ಎಂದು ಹೊಳೆಯಿತು. ಜಗತ್ತಿನ ಎಲ್ಲೆಲ್ಲೋ ಜನ ತನ್ನ ಆ ರಾತ್ರಿಯ ಬಗ್ಗೆ ಓದುತ್ತಿದ್ದಾರೆ ಎಂಬುದು ಅವನಿಗೆ ತಿಳಿದದ್ದೇ ಆವತ್ತು. ಆಮೇಲೆ ಅವನು ಕಿಚನರ್‌ನ ಅದೇ ಬಗೆಯ ಮಧ್ಯಸ್ಥಿಕೆ ಸಂಸ್ಥೆಯಲ್ಲಿ ಸ್ವಯಂಸೇವಕನಾದ. ಇನ್ನೊಬ್ಬ ಹುಡುಗ ಮಾತ್ರ ಮುಂದೆ ಬರಲಿಲ್ಲ. ಅದು ಅವನಿಷ್ಟ.

ತಪ್ಪು ಎಲ್ಲಿತ್ತು

ಈಗ ಸ್ವಲ್ಪ ನಿಷ್ಠುರವಾಗಿ ನೋಡೋಣ.

ಮೊದಲನೆಯದು, ನಷ್ಟವಾದವರನ್ನು ಮೊದಲು ಯಾರೂ ಸರಿಯಾಗಿ ಕೇಳಲಿಲ್ಲ. ನೇರವಾಗಿ ಹೋಗಿ ಬಾಗಿಲು ತಟ್ಟಿದರು. ಒಂಟಿಯಾಗಿರುವ, ಆ ರಾತ್ರಿಯಿಂದ ನಿದ್ದೆಗೆಟ್ಟಿರುವ ಒಬ್ಬರ ಮನೆಗೆ ಅದೇ ಹುಡುಗರನ್ನು ಕರೆದುಕೊಂಡು ಹೋಗಿ ನಿಲ್ಲಿಸುವುದು ಎಂಥ ಅಪಾಯ! ಇವತ್ತು ಈ ಕೆಲಸ ಮಾಡುವವರು ಹಾಗೆ ಮಾಡುವುದಿಲ್ಲ. ಮೊದಲು ಕಳೆದುಕೊಂಡವರನ್ನು ಬೇರೆಯಾಗಿ ಕಂಡು ಮಾತಾಡುತ್ತಾರೆ. ಭೇಟಿ ಬೇಕೋ ಬೇಡವೋ, ಎಲ್ಲಿ, ಯಾರ ಜೊತೆ, ಎಲ್ಲವೂ ಅವರ ಮಾತಿನಂತೆ. ಬೇಡ ಅಂದರೆ ಅಲ್ಲಿಗೇ ಮುಗಿಯಿತು. ಎಲ್ಮೈರಾದಲ್ಲಿ ಯಾರಿಗೂ ತೊಂದರೆಯಾಗಲಿಲ್ಲ ಎಂಬುದು ಅದೃಷ್ಟ. ಅದನ್ನು ಪದ್ಧತಿಯ ಗುಣ ಅನ್ನುವ ಹಾಗಿಲ್ಲ.

ಎರಡನೆಯದು ಹಣ. ಆ ಇಬ್ಬರು 550 ಡಾಲರ್ ಹೊಂದಿಸಬಲ್ಲವರಾಗಿದ್ದರು. ಹೊಂದಿಸಲಾಗದವನ ಗತಿ ಏನು? ನಷ್ಟ ತುಂಬಿಕೊಡು ಎಂಬುದು ಕೈಲಾಗದವನಿಗೆ ದಂಡದಷ್ಟೇ ಭಾರ. ಕಟ್ಟದಿದ್ದರೆ ಷರತ್ತು ಮುರಿದ ಹಾಗೆ, ಮತ್ತೆ ಜೈಲಿನ ಬಾಗಿಲು. ಫಿನ್‌ಲೆಂಡಿನಲ್ಲಿ 1921ರಿಂದಲೇ ದಂಡವನ್ನು ಮನುಷ್ಯನ ದಿನದ ಆದಾಯಕ್ಕೆ ತಕ್ಕಂತೆ ಹಾಕುತ್ತಾರೆ. ಅಂಥದ್ದೇನಾದರೂ ಇಲ್ಲದೆ ಹೋದರೆ, ಹಣ ಇದ್ದವನಿಗೆ ಪರ್ಯಾಯ, ಇಲ್ಲದವನಿಗೆ ಹಳೆಯದೇ ಎಂದಾಗುತ್ತದೆ. ಹಣದ ಬದಲು ಕೆಲಸ ಮಾಡಿಕೊಟ್ಟರೆ ಆದೀತು. ಮುರಿದ ಮಂಟಪವನ್ನು ಕಟ್ಟಿಕೊಡು ಅಂದರೆ ಹುಡುಗನಿಗೂ ಮೈ ನೋವು ಗೊತ್ತಾಗುತ್ತದೆ, ಮನೆಯವರಿಗೂ ಮಂಟಪ ಸಿಗುತ್ತದೆ.

ಮೂರನೆಯದನ್ನು ಕೆನಡಾದವರೇ ಹೇಳುತ್ತಾರೆ. ಎಲ್ಮೈರಾದ ಹುಡುಗರು ಊರಿಗೆ ಪರಕೀಯರಲ್ಲ. ಇಂಥ ದಯೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ಕೆನಡಾದ ಮೂಲನಿವಾಸಿಗಳು ಜನಸಂಖ್ಯೆಯಲ್ಲಿ ಶೇಕಡಾ 5ರಷ್ಟು. ಫೆಡರಲ್ ಜೈಲುಗಳಲ್ಲಿ ಅವರ ಪಾಲು ಶೇಕಡಾ 30 ದಾಟಿದೆ. 1996ರ ತಿದ್ದುಪಡಿ, ಮೂಲನಿವಾಸಿಗಳ ಹಿನ್ನೆಲೆಯನ್ನು ಗಮನಿಸಲೇಬೇಕು ಎಂದ 1999ರ ಗ್ಲಾಡ್ಯೂ ತೀರ್ಪು, ಎರಡೂ ಇದ್ದರೂ ಈ ಸ್ಥಿತಿ. ಬಾಗಿಲು ತಟ್ಟುವ ಅವಕಾಶ ಯಾರಿಗೆ ಸಿಗುತ್ತದೆ ಎಂಬುದೇ ಒಂದು ದೊಡ್ಡ ಪ್ರಶ್ನೆ.

ಇನ್ನು, ಇದರಿಂದ ಅಪರಾಧ ಕಡಿಮೆಯಾಗುತ್ತದಾ? ಇಂಥ ಮುಖಾಮುಖಿಯ ಬಗ್ಗೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ನಡೆಸಿದ 10 ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2013ರಲ್ಲಿ ಬಂತು. ಮತ್ತೆ ತಪ್ಪು ಮಾಡುವುದು ಕಡಿಮೆಯಾಗುತ್ತದೆ, ಆದರೆ ಸಾಧಾರಣ ಪ್ರಮಾಣದಲ್ಲಿ ಎಂದು ಅದು ಹೇಳಿತು. ಕಳೆದುಕೊಂಡವರ ಸಮಾಧಾನದ ವಿಷಯದಲ್ಲಿ ಫಲಿತಾಂಶ ಚೆನ್ನಾಗಿತ್ತು. ತಮಾಷೆ ಏನೆಂದರೆ, ಆಸ್ತಿ ಹಾಳುಮಾಡಿದ ಕೇಸುಗಳಿಗಿಂತ ಹೊಡೆದಾಟದಂಥ ಕೇಸುಗಳಲ್ಲೇ ಇದರ ಗುಣ ಜಾಸ್ತಿ ಕಂಡಿತು. ಸಣ್ಣ ತಪ್ಪಿಗೆ ಮಾತ್ರ ಈ ಮದ್ದು ಎಂದುಕೊಂಡಿದ್ದವರಿಗೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ.

ಅದೇ ಕೇಸು ನಮ್ಮ ತಾಲೂಕು ಕೋರ್ಟಿಗೆ ಬಂದರೆ

ಎಲ್ಮೈರಾದ ಕೇಸನ್ನು ಎತ್ತಿ ನಮ್ಮ ಯಾವುದಾದರೂ ತಾಲೂಕಿನಲ್ಲಿ ಇಟ್ಟು ನೋಡೋಣ. 18, 19ರ ಇಬ್ಬರು, ಮೊದಲ ತಪ್ಪು, 22 ಕಡೆ ನಷ್ಟ. ಬೇರೆಯವರ ಸ್ವತ್ತು ಹಾಳುಮಾಡಿದ್ದಕ್ಕೆ ಹಳೆಯ ಐಪಿಸಿಯಲ್ಲಿ 427ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 324.

ಅಚ್ಚರಿ ಏನೆಂದರೆ ಮೆಕಾನೆಲ್ ಮಾಡಿದಂಥದ್ದಕ್ಕೆ ಬೇಕಾದ ಕಾನೂನು ನಮ್ಮ ಮ್ಯಾಜಿಸ್ಟ್ರೇಟರ ಕೈಯಲ್ಲೂ ಇದೆ, ಅದೂ 1958ರ ಕಾಯ್ದೆಯಿಂದಲೇ. ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 3ನೇ ಕಲಮಿನಲ್ಲಿ ಬುದ್ಧಿ ಹೇಳಿ ಬಿಡಬಹುದು. 4ರಲ್ಲಿ ಒಳ್ಳೆಯ ನಡತೆಯ ಬಾಂಡು ಬರೆಸಿಕೊಂಡು ಬಿಡಬಹುದು. 5ರಲ್ಲಿ ಕಳೆದುಕೊಂಡವನಿಗೆ ಪರಿಹಾರ ಕೊಡು ಎಂದು ಹೇಳಬಹುದು. 6 ಇನ್ನೂ ಮುಂದೆ ಹೋಗುತ್ತದೆ: 21 ತುಂಬದವನನ್ನು ಇಂಥ ಕೇಸಿನಲ್ಲಿ ಜೈಲಿಗೆ ಕಳಿಸಬೇಕಾದರೆ ಯಾಕೆ ಎಂದು ಕಾರಣ ಬರೆಯಬೇಕು, ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು. ಅಂದರೆ ಎಲ್ಮೈರಾದ ಇಡೀ ಸಲಕರಣೆ, ಎಲ್ಮೈರಾಕ್ಕಿಂತ 16 ವರ್ಷ ಮೊದಲೇ, ನಮ್ಮ ಪುಸ್ತಕದಲ್ಲಿ ಇತ್ತು.

2024ರ ಜುಲೈ 1ರಿಂದ ಇನ್ನೊಂದು ಸೇರಿದೆ. ನ್ಯಾಯ ಸಂಹಿತೆಯ 4ನೇ ಕಲಮು ಶಿಕ್ಷೆಗಳ ಪಟ್ಟಿಗೆ ಸಮುದಾಯ ಸೇವೆಯನ್ನು ಸೇರಿಸಿತು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲ ಸಲ ಸಿಕ್ಕಿಬಿದ್ದವನು, ಕದ್ದದ್ದನ್ನು ಅಥವಾ ಅದರ ಬೆಲೆಯನ್ನು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದವನಿಗೂ ಅದನ್ನು ಕೊಡಬಹುದು, ಮಾನನಷ್ಟ ಮಾಡಿದವನಿಗೂ ಕೊಡಬಹುದು. ಟೈರು ಕುಯ್ದವನಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿಲ್ಲ. ಎಷ್ಟು ಗಂಟೆ ಸೇವೆ, ಎಲ್ಲಿ, ಯಾರ ಉಸ್ತುವಾರಿ ಎಂಬುದನ್ನು ಸಂಹಿತೆ ಹೇಳುವುದಿಲ್ಲ. ಸಮುದಾಯಕ್ಕೆ ಉಪಯೋಗವಾಗುವ ಕೆಲಸ, ಸಂಬಳ ಇಲ್ಲ ಎಂದಷ್ಟೇ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 23ನೇ ಕಲಮಿನ ವಿವರಣೆ.

ಇಷ್ಟೆಲ್ಲ ಇದ್ದೂ ಇಲ್ಲಿ ಏನಾಗುತ್ತದೆ? ಕೋರ್ಟು ಆವರಣದ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತವರಿಗೆ ಗೊತ್ತು. ರಾಜಿ ಆಗುತ್ತದೆ. ಖಾಸಗಿಯವರಿಗೆ ಮಾತ್ರ ನಷ್ಟವಾದ ಇಂಥ ಕೇಸನ್ನು ರಾಜಿ ಮಾಡಿಕೊಳ್ಳಲು ಕಾನೂನಿನ ಒಪ್ಪಿಗೆಯೂ ಇದೆ. ಹುಡುಗನ ಅಪ್ಪ ಬರುತ್ತಾನೆ, ಊರಿನ ದೊಡ್ಡವರೊಬ್ಬರು ಬರುತ್ತಾರೆ. ‘ಹುಡುಗ್ರು, ಗೊತ್ತಾಗಲ್ಲ, ಬಿಡಿ ಅಣ್ಣ’ ಎಂಬ ಮಾತು ಬರುತ್ತದೆ. ಒಂದು ಮೊತ್ತ ಕುದುರುತ್ತದೆ. ಅಪ್ಪ ಎಣಿಸಿ ಕೊಡುತ್ತಾನೆ. ಜಂಟಿ ಮೆಮೊಗೆ ಸಹಿ ಬೀಳುತ್ತದೆ. ಇಷ್ಟೂ ಹೊತ್ತು ಟೈರು ಕುಯ್ದ ಹುಡುಗ ಹೊರಗೆ ಬೈಕಿನ ಮೇಲೆ ಕೂತು ಮೊಬೈಲು ನೋಡುತ್ತಿರುತ್ತಾನೆ.

ಎಲ್ಮೈರಾದಲ್ಲೂ ಹಣ ಕೈ ಬದಲಾಯಿತು, ಇಲ್ಲೂ ಬದಲಾಯಿತು. ಕಾಗದದಲ್ಲಿ ಎರಡೂ ಒಂದೇ. ಅಲ್ಲಿ ಹುಡುಗ ಬಾಗಿಲು ತಟ್ಟಿದ್ದ, ಇಲ್ಲಿ ಅಪ್ಪ ತಟ್ಟಿದ. ಅಪ್ಪನಿಲ್ಲದ, ಹೇಳಿಸಲು ದೊಡ್ಡವರಿಲ್ಲದ ಹುಡುಗನಿಗೆ ರಾಜಿಯೂ ಇಲ್ಲ. ಅವನಿಗೆ ಜಾಮೀನುದಾರನೂ ಸಿಗುವುದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣೆ ಮುಗಿಯದವರು, ಅಂದರೆ ನೂರಕ್ಕೆ 75ಕ್ಕಿಂತ ಜಾಸ್ತಿ. ನಮ್ಮಲ್ಲಿ ಶಿಕ್ಷೆಗೆ ಪರ್ಯಾಯ ಹುಡುಕುವ ಮಾತು ಶುರುವಾಗುವ ಮೊದಲೇ ಬಡವನಿಗೆ ಶಿಕ್ಷೆ ಅರ್ಧ ಆಗಿಹೋಗಿರುತ್ತದೆ.

ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಇದು ಮೊದಲಿಂದಲೂ ಇತ್ತಲ್ಲ, ಎದುರು ನಿಲ್ಲಿಸಿ ತಪ್ಪು ಒಪ್ಪಿಸುವುದು, ಅನ್ನುವವರಿದ್ದಾರೆ. ಇತ್ತು ನಿಜ. ಅದೇ ಕಟ್ಟೆಯಲ್ಲಿ ಬಹಿಷ್ಕಾರವೂ ಇತ್ತು, ತಲೆ ಬೋಳಿಸುವುದೂ ಇತ್ತು. ಯಾವ ಜಾತಿಯವನು ಯಾವ ಜಾತಿಯವನ ಎದುರು ಎಷ್ಟು ಬಗ್ಗಬೇಕು ಎಂಬ ಅಳತೆಯೂ ಇತ್ತು. ಎಲ್ಮೈರಾದಲ್ಲಿ ಹುಡುಗರನ್ನು ಮೆರವಣಿಗೆ ಮಾಡಲಿಲ್ಲ. ಅವರು ಮಾತಾಡಿದ್ದು ಒಂದೊಂದೇ ಮನೆಯವರ ಎದುರು, ಊರಿನ ಎದುರು ಅಲ್ಲ. ಹಿಂದೆ ಕೋರ್ಟು ಇತ್ತು, ಪಕ್ಕದಲ್ಲಿ ಇಬ್ಬರು ಇದ್ದರು. ಈ ವ್ಯತ್ಯಾಸ ಮರೆತರೆ ಪರ್ಯಾಯ ಶಿಕ್ಷೆಯ ಹೆಸರಿನಲ್ಲಿ ಹಳೆಯ ಕಟ್ಟೆಯೇ ವಾಪಸ್ ಬರುತ್ತದೆ.

ಹಾಗಾದರೆ ಇಲ್ಲಿ ಮಾಡಬಹುದಾದ್ದು ಏನು? ನನಗೆ ಕಾಣುವುದು ದೊಡ್ಡದೇನಲ್ಲ. ಹುಡುಗ ತಪ್ಪೊಪ್ಪಿಕೊಂಡಿದ್ದಾನೆ ಅಂತಿಟ್ಟುಕೊಳ್ಳಿ. ಪ್ರೊಬೇಷನ್ ಅಧಿಕಾರಿಯ ವರದಿಗೆ ಹೇಗೂ ಕೇಸು ಮುಂದಕ್ಕೆ ಹೋಗಬೇಕು. ಆ ವರದಿಯಲ್ಲಿ ಹುಡುಗನ ಮನೆ, ಓದು, ನಡತೆಯ ಜೊತೆಗೆ ಇನ್ನೊಂದು ಪುಟ ಇರಲಿ: ಯಾರಿಗೆ ಎಷ್ಟು ನಷ್ಟ, ಅವರಿಗೆ ಹುಡುಗನನ್ನು ನೋಡಲು ಇಷ್ಟವಿದೆಯಾ, ಹಣ ಬೇಕಾ, ಕೆಲಸ ಮಾಡಿಕೊಟ್ಟರೆ ಆದೀತಾ. ಇದನ್ನು ಕೇಳಿಕೊಂಡು ಬರಲು ಒಬ್ಬರು ಓಡಾಡಬೇಕು. ತಾಲೂಕು ಕಾನೂನು ಸೇವಾ ಸಮಿತಿಗಳ ಜೊತೆ ಕೆಲಸ ಮಾಡುವ ಅರೆಕಾನೂನು ಸ್ವಯಂಸೇವಕರು ಇದ್ದಾರೆ. ಊರಿನ ಬೀದಿ ಅವರಿಗೆ ಗೊತ್ತು. ಯಾಂಟ್ಸಿಯೂ ಸ್ವಯಂಸೇವಕನೇ ಆಗಿದ್ದ.

ಮತ್ತೆ ಬೇಕಾದದ್ದು ಆ ಒಂದು ತಿಂಗಳು. ತಾರೀಖಿಗೆ ನಮ್ಮಲ್ಲಿ ಬರವೇ? ಸಾಕ್ಷಿ ಬಂದಿಲ್ಲ ಎಂದು ಒಂದು, ವಕೀಲರಿಗೆ ಬೇರೆ ಕೋರ್ಟಿದೆ ಎಂದು ಒಂದು, ಸಾಹೇಬರು ರಜೆ ಎಂದು ಒಂದು. ಆರ್ಡರ್ ಶೀಟಿನ ತುಂಬಾ ಅವೇ. ಆ ಸಾಲಿನಲ್ಲಿ ಒಂದು ತಾರೀಖಿನ ಮುಂದೆ ಮಾತ್ರ ಬೇರೆ ಕಾರಣ ಬರೆದಿರುತ್ತದೆ: ಆರೋಪಿಯು ಫಿರ್ಯಾದಿಯ ಮನೆಗೆ ಹೋಗಿ ಬರುವ ಸಲುವಾಗಿ.